ದೊಡ್ಡಪ್ಪನ ಕಾಫಿ ಮತ್ತು ನಮ್ಮ ಪ್ರಶ್ನಾರ್ಥಕ ಚಿಹ್ನೆ

ಇವತ್ತು ನವೆಂಬರ್ 14. ಬಲಿಪಾಡ್ಯಮಿ. ಮಕ್ಕಳ ದಿನಾಚರಣೆ. ಇನ್ನೊಂದೂ ಇದೆ, ಹಬ್ಬದ ಮನೆಯಲ್ಲಿ ಅದನ್ನ ಯಾರೂ ನೆನಪಿಸಲ್ಲ. ವಿಶ್ವ ಮಧುಮೇಹ ದಿನ. 2023ರಲ್ಲಿ ಮೂರೂ ಒಂದೇ ದಿನ ಬಿದ್ದಿವೆ. ಒಂದು ಕೈಯಲ್ಲಿ ಹೋಳಿಗೆ ತಟ್ಟೆ, ಇನ್ನೊಂದು ಕೈಯಲ್ಲಿ ಗ್ಲುಕೋಮೀಟರ್. ಹಾಗಾಗಿ ಇವತ್ತು ರಾಜಕೀಯ ಬೇಡ. ಸಕ್ಕರೆ ಇಲ್ಲದ ಸಿಹಿಯ ಬಗ್ಗೆ ಮಾತಾಡೋಣ.

ಮೊದಲು ನನ್ನದೊಂದು ತಪ್ಪೊಪ್ಪಿಗೆ.

ಈ ವರ್ಷ ಜೂನ್ ಕೊನೆಯಲ್ಲಿ ಒಂದು ಸುದ್ದಿ ಸೋರಿಕೆ ಆಯ್ತು. ಆಸ್ಪಾರ್ಟೇಮ್ ಅನ್ನೋ ಕೃತಕ ಸಿಹಿಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತನ್ನ ಪಟ್ಟಿಗೆ ಸೇರಿಸಲಿದೆ ಅಂತ. ಅಧಿಕೃತ ವರದಿ ಬರೋಕೆ ಇನ್ನೂ ಎರಡು ವಾರ ಇತ್ತು. ಎರಡು ವಾರ ಕಾಯೋ ತಾಳ್ಮೆ ಟಿವಿಗೆ ಎಲ್ಲಿದೆ ಹೇಳಿ? ನಮ್ಮ ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರ ಬಂತು: "ಶುಗರ್‌ಫ್ರೀ ತಿಂದರೆ ಕ್ಯಾನ್ಸರ್?" ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ನಮ್ಮ ನಿರೀಕ್ಷಣಾ ಜಾಮೀನು. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು. ಅವತ್ತು ಆ ಬುಲೆಟಿನ್ ಓದಿದ್ದು ನಾನೇ.

ಅರಸೀಕೆರೆ ಹತ್ತಿರ ಊರಲ್ಲಿ ನಮ್ಮ ದೊಡ್ಡಪ್ಪ ಇದಾರೆ. ವಯಸ್ಸು 68. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಐದು ಕಾಫಿ ಬೇಕೇ ಬೇಕು. ಜೇಬಲ್ಲಿ ಒಂದು ಪುಟ್ಟ ಡಬ್ಬಿ ಇಟ್ಕೊಂಡಿರೋರು. ಒತ್ತಿದರೆ ಟಕ್ ಅಂತ ಒಂದು ಸಿಹಿ ಮಾತ್ರೆ ಬೀಳೋದು. ಮದುವೆ ಮನೆಗೂ ಅದೇ ಡಬ್ಬಿ, ತಿಥಿ ಮನೆಗೂ ಅದೇ ಡಬ್ಬಿ. ಅಕ್ಟೋಬರ್‌ನಲ್ಲಿ ಆಯುಧಪೂಜೆಗೆ ಊರಿಗೆ ಹೋಗಿದ್ದಾಗ ನೋಡ್ತೀನಿ, ಡಬ್ಬಿ ಇಲ್ಲ. ಲೋಟದಲ್ಲಿ ಬೆಲ್ಲದ ಕಾಫಿ. ಯಾಕೆ ದೊಡ್ಡಪ್ಪ ಅಂದೆ.

"ನೀನೇ ಹೇಳ್ದಲ್ಲೋ ಟಿವೀಲಿ, ಅದ್ರಲ್ಲಿ ಕ್ಯಾನ್ಸರ್ ಐತೆ ಅಂತ. ಅವತ್ತೇ ಬಿಟ್ಟೆ. ಬೆಲ್ಲ ಆದ್ರೆ ಒಳ್ಳೇದು, ಐರನ್ ಐತೆ."

ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆಯಲ್ಲ, ಅದು ಮೇ ತಿಂಗಳಲ್ಲಿ 7.1 ಇತ್ತು. ಅಕ್ಟೋಬರ್‌ನಲ್ಲಿ 8.9. ದೊಡ್ಡಮ್ಮ ಆ ಹಳೇ ಡಬ್ಬಿ ಎಸೆದಿರಲಿಲ್ಲ, ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಿದ್ರು. ತೆಗೆದು ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಅದರಲ್ಲಿ ಆಸ್ಪಾರ್ಟೇಮ್ ಇರಲೇ ಇಲ್ಲ ಸ್ವಾಮಿ! ಸುಕ್ರಲೋಸ್ ಇತ್ತು. ಸುದ್ದಿ ಬಂದಿದ್ದು ಒಂದರ ಮೇಲೆ, ಮನೆಯಿಂದ ಹೊರಗೆ ಹೋಗಿದ್ದು ಇನ್ನೊಂದು. ಒಳಗೆ ಬಂದಿದ್ದು ಬೆಲ್ಲ. ಬೆಲ್ಲದಲ್ಲೂ ಮುಖ್ಯವಾಗಿ ಇರೋದು ಸಕ್ಕರೆಯೇ, ಕ್ಯಾಲೊರಿ ಕೂಡ ಹೆಚ್ಚುಕಮ್ಮಿ ಅಷ್ಟೇ. ಮಂಡ್ಯದ ಬೆಲ್ಲ ಅಂದ್ರೆ ನನಗೂ ಪ್ರೀತಿ, ಆದ್ರೆ ರಕ್ತಕ್ಕೆ ಆ ಅಭಿಮಾನ ಗೊತ್ತಾಗಲ್ಲ.

ಹಾಗಾದ್ರೆ ಆ ವರದಿಯಲ್ಲಿ ನಿಜವಾಗಿ ಏನಿತ್ತು? ಜುಲೈ 14ಕ್ಕೆ ಅದು ಹೊರಗೆ ಬಂತು. ಅವತ್ತು ಎರಡು ತೀರ್ಪು ಬಂದವು. ನಾವು ತೋರಿಸಿದ್ದು ಒಂದನ್ನೇ.

ಒಂದು, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ, ಆಸ್ಪಾರ್ಟೇಮನ್ನ 2ಬಿ ಗುಂಪಿಗೆ ಹಾಕ್ತು. ನಮ್ಮ ಹಿರಿಯರು ಮಬ್ಬುಗತ್ತಲಲ್ಲಿ ಹಗ್ಗವೋ ಹಾವೋ ಅನ್ನೋ ಮಾತು ಹೇಳ್ತಾರಲ್ಲ, ಈ ಗುಂಪುಗಳು ಹಾಗೇ. ಗುಂಪು 1 ಅಂದ್ರೆ ಖಂಡಿತ ಹಾವು. 2ಎ ಅಂದ್ರೆ ಬಹುಮಟ್ಟಿಗೆ ಹಾವು. 2ಬಿ ಅಂದ್ರೆ ಹಾವಿದ್ದರೂ ಇರಬಹುದು, ಬೆಳಕು ಸಾಲದು, ಇನ್ನೊಂದು ಟಾರ್ಚ್ ತನ್ನಿ. ಆ ಹಾವಿಗೆ ವಿಷ ಎಷ್ಟು, ಅದು ನಿಮ್ಮ ಹಾಸಿಗೆಯಲ್ಲಿದೆಯೋ ಬನ್ನೇರುಘಟ್ಟದ ಗಾಜಿನ ಹಿಂದಿದೆಯೋ, ಅದನ್ನ ಈ ಪಟ್ಟಿ ಹೇಳೋದೇ ಇಲ್ಲ.

ಅದನ್ನ ಹೇಳುವ ಸಮಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆ ಎರಡೂ ಸೇರಿ ನಡೆಸುವ ತಜ್ಞರ ಸಮಿತಿ. ಅದೇ ದಿನ ಅವರು ಹೇಳಿದ್ದು: ಹಳೆಯ ಮಿತಿ ಬದಲಿಸೋಕೆ ಕಾರಣ ಕಾಣ್ತಿಲ್ಲ. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ತನಕ ಪರವಾಗಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಓದಿದ್ದೆಲ್ಲ ಮರೆತಿದ್ದೀನಿ, ಒಂದು ಪದ ಮರೆತಿಲ್ಲ: ಫ್ಯಾಕ್ಟರ್ ಆಫ್ ಸೇಫ್ಟಿ. ಸೇತುವೆ ಮೇಲೆ ಹತ್ತು ಟನ್ ಲಾರಿ ಹೋಗುತ್ತೆ ಅಂದ್ರೆ ಹತ್ತೇ ಟನ್ನಿಗೆ ಕಟ್ಟಲ್ಲ, ಎರಡೋ ಮೂರೋ ಪಟ್ಟು ಬಲ ಇಟ್ಟು ಕಟ್ತೀವಿ. ಇಲ್ಲಿ ಆ ಸಂಖ್ಯೆ ಎಷ್ಟು ಗೊತ್ತಾ? ನೂರು. ಇಲಿಗಳಿಗೆ ಬಹುಕಾಲ ಕೊಟ್ಟರೂ ತೊಂದರೆ ಕಾಣದ ಪ್ರಮಾಣ ಕಿಲೋಗೆ 4,000 ಮಿಲಿಗ್ರಾಂ. ಅದನ್ನ ನೂರರಿಂದ ಭಾಗಿಸಿ 40 ಅಂದ್ರು. 70 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 2,800 ಮಿಲಿಗ್ರಾಂ. ಒಂದು ಡಯಟ್ ಪಾನೀಯದ ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಅಂತ ಹಿಡಿದರೆ 9ರಿಂದ 14 ಕ್ಯಾನ್ ಆದಮೇಲೆ ಮಿತಿ ದಾಟುತ್ತೆ. ದಿನಕ್ಕೆ ಹದಿನಾಲ್ಕು ಕ್ಯಾನ್ ಕುಡಿಯೋರಿಗೆ ಬೇರೇನೋ ಸಮಸ್ಯೆ ಇರಬೇಕು ಬಿಡಿ.

ಆದರೆ ಇದೇ ಲೆಕ್ಕ ಮಗುವಿಗೆ ಹಾಕಿ. 20 ಕಿಲೋ ತೂಕದ ಮಗುವಿಗೆ ಮಿತಿ 800 ಮಿಲಿಗ್ರಾಂ. 300ರ ಲೆಕ್ಕದಲ್ಲಿ ಮೂರನೇ ಕ್ಯಾನಿಗೇ ಮುಗೀತು. ನಮ್ಮಲ್ಲಿ ಇಂಥ ಪೊಟ್ಟಣಗಳ ಮೇಲೆ ಮಕ್ಕಳಿಗೆ ಶಿಫಾರಸು ಮಾಡಿಲ್ಲ ಅಂತ ಬರೆದಿರ್ತಾರೆ, ಓದಿದೀರಾ? ಶುಗರ್‌ಫ್ರೀ ಅಂತ ಧೈರ್ಯವಾಗಿ ಮಗುವಿನ ಕೈಗೆ ಕೊಡುವ ಅಪ್ಪ ಅಮ್ಮಂದಿರನ್ನ ಮಾಲ್‌ಗಳಲ್ಲಿ ನಾನು ನೋಡಿದ್ದೀನಿ. ಇನ್ನೊಂದು ಸಾಲೂ ಇರುತ್ತೆ, ಫಿನೈಲ್‌ಕೀಟೋನ್ಯೂರಿಯಾ ಇರುವವರಿಗಲ್ಲ ಅಂತ. ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ ಅದು. ಆಸ್ಪಾರ್ಟೇಮ್ ಹೊಟ್ಟೆಯಲ್ಲಿ ಒಡೆದಾಗ ಬರುವ ಫಿನೈಲಲನೀನ್ ಅನ್ನೋ ಅಂಶವನ್ನ ಅವರ ದೇಹ ಅರಗಿಸಿಕೊಳ್ಳಲಾರದು. ಅವರಿಗೆ ಇದು ನಿಜಕ್ಕೂ ಅಪಾಯ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೇಕಾಗಿಲ್ಲ.

ಈಗ ಆ ಐಎಆರ್‌ಸಿ ಪಟ್ಟಿಯನ್ನ ಇನ್ನೊಂದು ಸಲ ನೋಡೋಣ. 2ಎ ಗುಂಪಲ್ಲಿ ಏನಿದೆ? ರಾತ್ರಿ ಪಾಳಿ ಕೆಲಸ. ಅಂದ್ರೆ ಈ ಸ್ಟುಡಿಯೋದಲ್ಲಿರುವ ಅರ್ಧ ಜನ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ. ಅಂದ್ರೆ ದರ್ಶಿನಿಯಲ್ಲಿ ಸುಡುಸುಡು ಅಂತ ಹೀರೋ ಕಾಫಿ. ಎರಡೂ ಆಸ್ಪಾರ್ಟೇಮ್‌ಗಿಂತ ಒಂದು ಮೆಟ್ಟಿಲು ಮೇಲೆ. ಗುಂಪು 1ರಲ್ಲಿ? ತಂಬಾಕು, ಮದ್ಯ, ಮತ್ತೆ ಅಡಿಕೆ. ಹೌದು, ನಮ್ಮ ಅಡಿಕೆ. ದೇಶದಲ್ಲೇ ಅತಿ ಹೆಚ್ಚು ಬೆಳೆಯೋದು ಕರ್ನಾಟಕ. ಎರಡು ದಶಕದ ಹಿಂದೆಯೇ ಅದನ್ನ ಗುಂಪು 1ಕ್ಕೆ ಹಾಕಿದ್ದಾರೆ. ಮಲೆನಾಡಿನ ಬೆಳೆಗಾರರಿಗೆ ಆ ಬಗ್ಗೆ ಸಿಟ್ಟಿದೆ, ವಾದ ಇದೆ, ಆ ಚರ್ಚೆ ಇನ್ನೊಂದು ದಿನ ಮಾಡೋಣ. ನಾನು ಕೇಳೋದು ಇಷ್ಟೇ: ಅಂಗಡಿ ಮುಂದೆ ನಿಂತು ಬಾಯಲ್ಲಿ ಗುಟ್ಕಾ ತುಂಬ್ಕೊಂಡು, "ಆ ಶುಗರ್‌ಫ್ರೀ ಮುಟ್ಟಬೇಡಿ ಸಾರ್, ಕ್ಯಾನ್ಸರ್" ಅಂತ ಹೇಳಿದೋರನ್ನ ಈ ಕಿವಿಯಾರೆ ಕೇಳಿದ್ದೀನಿ. ಹೊಸ ಹೆಸರು, ಇಂಗ್ಲಿಷ್ ಹೆಸರು, ಕೆಮಿಕಲ್ ಹೆಸರು ಅಂದ್ರೆ ಭಯ. ತಾತನ ಕಾಲದಿಂದ ತಿಂದಿದ್ದಾದ್ರೆ ಭಯ ಇಲ್ಲ.

ಅಮೆರಿಕದಲ್ಲಿ ಒಂದು ಸಲ ಇದರ ತಿರುಗುಮುರುಗು ಆಗಿತ್ತು. 1977. ಸ್ಯಾಕರಿನ್ ತಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತು ಅಂತ ಸರ್ಕಾರ ನಿಷೇಧಕ್ಕೆ ಹೊರಟಿತು. ಜನ ಹೆದರಿ ಬಿಟ್ಟುಬಿಟ್ರಾ? ಇಲ್ಲ, ಸರ್ಕಾರದ ಮೇಲೇ ಮುಗಿಬಿದ್ರು. ಸಕ್ಕರೆ ಕಾಯಿಲೆಯವರು ಏನು ಮಾಡಬೇಕು, ಬೇರೆ ದಾರಿ ಏನಿದೆ ಅಂತ. ಸಂಸತ್ತು ಮಣಿದು ನಿಷೇಧಕ್ಕೆ ತಡೆ ಹಾಕಿ, ಎಚ್ಚರಿಕೆಯ ಚೀಟಿ ಅಂಟಿಸಿ ಅಂತು. ಆಮೇಲೆ ಗೊತ್ತಾಯ್ತು, ಆ ಗಡ್ಡೆ ಬೆಳೆದದ್ದು ಇಲಿಯ ದೇಹಕ್ಕೇ ವಿಶೇಷವಾದ ಕಾರಣದಿಂದ, ಮನುಷ್ಯರಿಗೆ ಅನ್ವಯಿಸಲ್ಲ. 1999ರಲ್ಲಿ ಐಎಆರ್‌ಸಿ ಸ್ಯಾಕರಿನ್ನನ್ನ 2ಬಿಯಿಂದ ಇಳಿಸಿತು, ಮರುವರ್ಷ ಎಚ್ಚರಿಕೆ ಚೀಟಿಯೂ ಹೋಯ್ತು. ಅಂದ್ರೆ ಟಾರ್ಚ್ ತಂದು ನೋಡಿದಾಗ ಅದು ಹಗ್ಗ. ಆಸ್ಪಾರ್ಟೇಮ್ ವಿಷಯದಲ್ಲೂ ಹಗ್ಗವೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಆಹಾರದ ಲೆಕ್ಕ ಇಟ್ಟು ಮಾಡಿದ ಅಧ್ಯಯನ 2022ರಲ್ಲಿ ಬಂತು. ಕೃತಕ ಸಿಹಿ ಹೆಚ್ಚು ತಿನ್ನೋರಲ್ಲಿ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತು, ಶೇ 13ರಷ್ಟು. ಆದರೆ ಅಂಥ ಸಿಹಿಗೆ ಹೋಗೋರಲ್ಲಿ ತೂಕ ಜಾಸ್ತಿ ಇರೋರು, ಆಗಲೇ ಕಾಯಿಲೆ ಇರೋರು ಹೆಚ್ಚು. ಸಿಹಿಯಿಂದ ಕಾಯಿಲೆಯೋ, ಕಾಯಿಲೆಯ ದಾರಿಯಲ್ಲಿದ್ದದ್ದಕ್ಕೆ ಆ ಸಿಹಿಯೋ? ಲೆಕ್ಕದಲ್ಲಿ ಎಷ್ಟು ಸರಿಪಡಿಸಿದರೂ ಈ ಅನುಮಾನ ಪೂರ್ತಿ ಹೋಗಲ್ಲ.

ಇನ್ನು ತಲೆನೋವಿನ ವಿಷಯ. "ಅದು ಕುಡಿದ್ರೆ ನನಗೆ ತಲೆ ಸಿಡಿಯುತ್ತೆ" ಅನ್ನೋರು ನಮ್ಮ ಆಫೀಸಲ್ಲೇ ಇದಾರೆ. ಇಂಗ್ಲೆಂಡಿನ ಹಲ್ ನಗರದಲ್ಲಿ ಇಂಥ 48 ಜನರನ್ನ ಕೂಡಿಸಿ ಪರೀಕ್ಷೆ ಮಾಡಿದ್ರು. ಒಂದು ದಿನ ಆಸ್ಪಾರ್ಟೇಮ್ ಇರುವ ತಿಂಡಿ ಪಟ್ಟಿ, ಇನ್ನೊಂದು ದಿನ ಇಲ್ಲದ್ದು. ಯಾವುದು ಯಾವುದು ಅಂತ ತಿನ್ನೋರಿಗೂ ಗೊತ್ತಿಲ್ಲ, ಕೊಡೋರಿಗೂ ಗೊತ್ತಿಲ್ಲ. 2015ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಇದ್ದ ದಿನವೂ ಇಲ್ಲದ ದಿನವೂ ಅವರ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಅವರು ಸುಳ್ಳು ಹೇಳ್ತಿದ್ರು ಅಂತಲ್ಲ. ನೋವು ನಿಜ, ಕಾರಣ ಬೇರೆ. ಭಯಕ್ಕೂ ತಲೆ ನೋಯುತ್ತೆ ರೀ. ಆ ಭಯ ಮಾರೋ ಅಂಗಡಿಗಳಲ್ಲಿ ನಮ್ಮದೂ ಒಂದು.

ಇಷ್ಟು ಕೇಳಿ, "ಓಹೋ, ಹಾಗಾದ್ರೆ ಶುಗರ್‌ಫ್ರೀ ಸ್ವೀಟ್ ಒಂದು ಕಿಲೋ ಕಟ್ಟಿ" ಅಂತ ಹೊರಟೋರು ಸ್ವಲ್ಪ ನಿಲ್ಲಿ. ಈ ದೀಪಾವಳಿಗೆ ಅಂಗಡಿ ತುಂಬ ಅದೇ ಬೋರ್ಡು. ಸಕ್ಕರೆ ಹಾಕಿಲ್ಲ, ಒಪ್ಪಿದೆ. ಖೋವಾ ಎಲ್ಲಿಗೆ ಹೋಯ್ತು? ತುಪ್ಪ ಎಲ್ಲಿಗೆ ಹೋಯ್ತು? ಮೈದಾ, ಕಡಲೆಹಿಟ್ಟು? ಖರ್ಜೂರದ ಬರ್ಫಿ ಅಂದ್ರೆ ಖರ್ಜೂರದ್ದೇ ಸಕ್ಕರೆ ಇದೆ. ಮಾಮೂಲಿ ಸ್ವೀಟಾದ್ರೆ ಒಂದು ತಿಂದು ಕೈ ತೊಳೆಯೋರು ಇದಾದ್ರೆ ನಾಲ್ಕು ತಿಂತಾರೆ. ಕೆಲವಕ್ಕೆ ಮಾಲ್ಟಿಟಾಲ್ ಥರದ ಸಿಹಿ ಹಾಕ್ತಾರೆ, ಅದು ಜಾಸ್ತಿ ಆದ್ರೆ ಹೊಟ್ಟೆ ಉಬ್ಬರ, ಭೇದಿ. ಈ ರಿಯಾಕ್ಷನ್ ಮಾತ್ರ ಕಲ್ಪನೆ ಅಲ್ಲ.

ಜುಲೈ ಸುದ್ದಿಗೆ ಕುಣಿದಾಡಿದ ನಾವು ಮೇ 15ರ ಸುದ್ದಿಯನ್ನ ಹೆಚ್ಚುಕಮ್ಮಿ ನುಂಗಿಬಿಟ್ವಿ. ಅವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು: ತೂಕ ಇಳಿಸೋಕೆ ಅಂತ ಕೃತಕ ಸಿಹಿ ಬಳಸಬೇಡಿ, ದೀರ್ಘಕಾಲದಲ್ಲಿ ಅದರಿಂದ ತೂಕ ಇಳಿಯೋ ಲಾಭ ಕಾಣ್ತಿಲ್ಲ. ಕ್ಯಾನ್ಸರ್ ಅನ್ನೋ ಪದ ಇಲ್ಲದ ಸುದ್ದಿ, ಯಾರಿಗೆ ಬೇಕು? ಆ ಸಲಹೆ ಆಗಲೇ ಮಧುಮೇಹ ಇರುವವರಿಗೆ ಅನ್ವಯಿಸಲ್ಲ ಅಂತಲೂ ಅದರಲ್ಲೇ ಇತ್ತು. ನಮ್ಮ ದೊಡ್ಡಪ್ಪನಂಥವರಿಗೆ ಬೇಕಾಗಿದ್ದ ಸಾಲು ಅದು. ಐಸಿಎಂಆರ್ ನೆರವಿನ ಅಧ್ಯಯನದ ಪ್ರಕಾರ ದೇಶದಲ್ಲಿ ಅಂಥವರು 10.1 ಕೋಟಿ. ಆ ಅಂಚಿನಲ್ಲಿ ನಿಂತಿರೋರು ಇನ್ನೂ 13.6 ಕೋಟಿ.

ಆ ಅಂಚಿನಲ್ಲಿರೋರಿಗೂ ಒಂದು ಮಾತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 120 ಜನ ಆರೋಗ್ಯವಂತರಿಗೆ ಎರಡು ವಾರ ನಾಲ್ಕು ಬಗೆಯ ಸಿಹಿ ಕೊಟ್ಟು ನೋಡಿದ್ರು, ಮಿತಿಗಿಂತ ಕಡಿಮೆ ಪ್ರಮಾಣದಲ್ಲೇ. ಸ್ಯಾಕರಿನ್ ಮತ್ತು ಸುಕ್ರಲೋಸ್ ತಗೊಂಡ ಗುಂಪುಗಳಲ್ಲಿ ದೇಹ ಗ್ಲುಕೋಸನ್ನ ನಿಭಾಯಿಸೋ ರೀತಿ ಸ್ವಲ್ಪ ಕೆಟ್ಟಿತು. ಎಲ್ಲರಲ್ಲೂ ಒಂದೇ ಥರ ಅಲ್ಲ, ಕರುಳಿನ ಸೂಕ್ಷ್ಮಜೀವಿಗಳು ಅವರವರಿಗೆ ಬೇರೆ ಬೇರೆ. ಎರಡೇ ವಾರದ ಪರೀಕ್ಷೆ, ಕಡೆಯ ಮಾತು ಅಲ್ಲ. ಆದ್ರೂ ಕ್ಯಾಲೊರಿ ಇಲ್ಲ ಅಂದಮಾತ್ರಕ್ಕೆ ದೇಹಕ್ಕೆ ಏನೂ ಗೊತ್ತಾಗಲ್ಲ ಅಂತ ಅಂದುಕೊಳ್ಳೋ ಹಾಗಿಲ್ಲ.

ಸುಕ್ರಲೋಸ್ ಕಥೆ ಹೇಳದೇ ಹೋದ್ರೆ ತಪ್ಪಾಗುತ್ತೆ, ಯಾಕಂದ್ರೆ ಅದರಲ್ಲಿ ನಮ್ಮವರೊಬ್ಬರು ಇದಾರೆ. 1976, ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜು. ಭಾರತದ ಶಶಿಕಾಂತ್ ಫಡ್ನಿಸ್ ಅನ್ನೋ ಸಂಶೋಧಕರಿಗೆ ಅಲ್ಲಿನ ಪ್ರೊಫೆಸರ್ ಲೆಸ್ಲಿ ಹಫ್ ಒಂದು ಪುಡಿ ಬಗ್ಗೆ 'ಟೆಸ್ಟ್' ಮಾಡು ಅಂದ್ರು. ಇವರ ಕಿವಿಗೆ 'ಟೇಸ್ಟ್' ಅಂತ ಕೇಳಿಸ್ತು. ಬಾಯಿಗೆ ಹಾಕ್ಕೊಂಡೇಬಿಟ್ರು! ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ನಮ್ಮ ಕಾಲೇಜಲ್ಲಿ ಹಾಗೆ ಮಾಡಿದ್ರೆ ಲ್ಯಾಬ್ ಅಟೆಂಡರ್ ಕಿವಿ ಹಿಂಡ್ತಿದ್ದ. ಸ್ಯಾಕರಿನ್ ಸಿಕ್ಕಿದ್ದು ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತವರಿಗೆ, ಆಸ್ಪಾರ್ಟೇಮ್ ಸಿಕ್ಕಿದ್ದು ಕಾಗದ ಎತ್ತೋಕೆ ಬೆರಳು ನೆಕ್ಕಿದವರಿಗೆ. ಹಾಗಂತ ನೀವು ಮನೇಲಿ ಪ್ರಯೋಗ ಮಾಡೋಕೆ ಹೋಗಬೇಡಿ. ಡಬ್ಬಿ ತಿರುಗಿಸಿ ಓದಿ ಸಾಕು. 951 ಅಂದ್ರೆ ಆಸ್ಪಾರ್ಟೇಮ್. 955 ಸುಕ್ರಲೋಸ್. 954 ಸ್ಯಾಕರಿನ್. 960 ಅಂದ್ರೆ ಸ್ಟೀವಿಯಾ ಎಲೆಯದು. ಮುಂದಿನ ಸಲ ನಮ್ಮಂಥೋರು ಕೂಗಾಡಿದಾಗ ನಿಮ್ಮ ಕೈಲಿರೋದು ಯಾವುದು ಅಂತಾದ್ರೂ ಗೊತ್ತಿರುತ್ತೆ.

ದೊಡ್ಡಪ್ಪನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅವರು ಬೈಯಲಿಲ್ಲ. ಬೆಲ್ಲ ನಿಲ್ಲಿಸಿ, ಐದು ಕಾಫಿ ಮೂರು ಮಾಡಿ, ಲೋಟಕ್ಕೆ ಎರಡು ಮಾತ್ರೆ ಹಾಕ್ತಿದ್ದೋರು ಒಂದು ಹಾಕಿ, ಆಮೇಲೆ ಅದನ್ನೂ ಬಿಡೋಕೆ ನೋಡೋಣ ಅಂದ್ರು. ರಕ್ತ ಪರೀಕ್ಷೆ ಮತ್ತೆ ಜನವರಿಯಲ್ಲಿ. ಶೋಕೇಸಿನ ಡಬ್ಬಿ ಜೇಬಿಗೆ ವಾಪಸ್ ಬಂದಿದೆ.

ಇವತ್ತು ಸಂಜೆ ಫೋನ್ ಮಾಡಿದ್ರು. ಹಬ್ಬದ ಮಾತೆಲ್ಲ ಆದಮೇಲೆ ಕೇಳಿದ್ರು, "ಇವತ್ತು ಟಿವೀಲಿ ಅದ್ರ ವಿಷ್ಯ ಏನ್ ಹೇಳ್ತೀಯಪ್ಪ? ಮೊದ್ಲೇ ಹೇಳ್ಬಿಡು, ಆಮೇಲೆ ಕಾಫಿ ಕುಡೀತೀನಿ."

ಕುಡೀರಿ ದೊಡ್ಡಪ್ಪ. ಇವತ್ತಿನದು ಮೂರನೇದು ಅಲ್ವಾ?