ಮೊಬೈಲಿನಿಂದ ಮೋಟಾರು: ಕೊಳ್ಳುವ ಮುನ್ನ ಕೇಳುವ ಮಾತು



ರಾತ್ರಿ ಪಾಳಿಯಲ್ಲಿ ತ್ರೀ ಫೇಜ್ ಕರೆಂಟು ಬಂತೆಂದರೆ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯಬೇಕು. ಹಾವು-ಹುಳದ ಭಯ ಬೇರೆ. ಅದಕ್ಕೇ ಈಗ ಅನೇಕರು ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಪೆಟ್ಟಿಗೆ ಕೂಡಿಸುತ್ತಾರೆ. ಒಳ್ಳೆಯದೇ. ಆದರೆ ರೊಕ್ಕ ಕೊಡುವ ಮೊದಲು ಕೇಳ್ರಿ: "ಈ ಪೆಟ್ಟಿಗಿ ಯಾವ ಭಾಷೆ ಆಡತೈತಿ?"

ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡುವ ಕಟ್ಟಳೆಗೆ ಪ್ರೋಟೋಕಾಲ್ ಎನ್ನುತ್ತಾರೆ. ಮನೆಯ ಸಾಮಾನಿನಲ್ಲಿ ವೈಫೈ, ಬ್ಲೂಟೂತ್ ಹೆಚ್ಚು. ಇವುಗಳ ಕೂಗು ಅಂಗಳ ದಾಟಿದರೆ ಮುಗಿಯಿತು; ದೂರದ ಬೋರಿಗೆ ಮುಟ್ಟದು.

ಅಲ್ಲಿಗೆ ಸಿಮ್ ಹಾಕುವ ಪೆಟ್ಟಿಗೆ ಬೇಕು. ಎಡವುವುದೂ ಇಲ್ಲೇ. ಅಗ್ಗದವು ಅನೇಕ 2ಜಿ ಮಾತ್ರ ಬಲ್ಲವು. ಜಿಯೋದಲ್ಲಿ 2ಜಿ ಇಲ್ಲ. ಇರುವುದು 4ಜಿ, 5ಜಿ. ಆ ಸಿಮ್ ಹಾಕಿ, ಪೆಟ್ಟಿಗೆ ಕೆಟ್ಟೈತೆಂದು ಅಂಗಡಿಯವನ ಕೂಡ ಜಗಳಾಡಿ ಫಲವಿಲ್ಲ. ಮೊದಲು ಬೋರಿನ ಹತ್ತಿರ ನಿಂತು, ಯಾವ ಸಿಮ್ಮಿಗೆ ಸಿಗ್ನಲ್ ಬರತೈತಿ ನೋಡ್ರಿ. ರೀಚಾರ್ಜ್ ಮುಗಿದರೂ ಪೆಟ್ಟಿಗೆ ಕಿವುಡೇ.

ಸವಣೂರಿನ ಎಲೆತೋಟದಲ್ಲಿ ಮಣ್ಣಿನ ತೇವ ತಿಳಿಸುವ ಸಾಧನ ನೆಡುವವರಿಗೆ ಲೋರಾ ಯೋಗ್ಯ. ಬಯಲಿನಲ್ಲಿ ಕೆಲವು ಕಿಲೋಮೀಟರು ಮುಟ್ಟುತ್ತದೆ, ಸೆಲ್ಲು ವರ್ಷಗಟ್ಟಲೆ ಬರುತ್ತದೆ. ಆದರೆ ಸುದ್ದಿ ಹಿಡಿಯಲು ಗೇಟ್‌ವೇ ಬೇಕು. ನಾಲ್ಕು ಮನೆಯವರು ಕೂಡಿದರೆ ಖರ್ಚು ಹಗುರ. ಅಲ್ಲಿಂದ ಮುಂದೆ ಅಂತರ್ಜಾಲದಲ್ಲಿ ಸುದ್ದಿ ಒಯ್ಯಲು ಬಹಳ ಬಳಕೆಯಲ್ಲಿರುವುದು ಎಂಕ್ಯೂಟಿಟಿ. ಎಣ್ಣೆಯ ಕೊಳವೆಗಳನ್ನು ದೂರದಿಂದ ಕಾಯಲೆಂದು 1999ರಲ್ಲಿ ಹುಟ್ಟಿದ್ದು ಅದು.

ಇನ್ನೊಂದು, ಮರೀಬ್ಯಾಡ್ರಿ: ಮೋಟಾರು ಮುಟ್ಟುವ ಮುನ್ನ ಮೇನ್ ಸ್ವಿಚ್ ತೆಗೆಯಿರಿ. ನೀವು ಬೋರಿನ ಹತ್ತಿರ ಇದ್ದದ್ದು ತಿಳಿಯದೆ ಮನೆಯಲ್ಲಿ ಯಾರಾದರೂ ಫೋನು ಒತ್ತಿಯಾರು.