ಗಾಳ ಹಾಕುವ ಮುನ್ನ



ಫೆಬ್ರವರಿ-ಮಾರ್ಚ್‌ನಲ್ಲಿ ಮಣ್ಣಿನ ಮಾದರಿ ಸಂಗ್ರಹಿಸಲು ತುಂಗಾತೀರದ ಊರುಗಳನ್ನು ಸುತ್ತುವಾಗ ನನ್ನ ಚೀಲದಲ್ಲಿ ಗಾಳವೂ ಇರುತ್ತದೆ. ಎಲ್ಲಿ ಹಾಕಬಹುದೆಂದು ಊರಿನ ಹಿರಿಯರನ್ನೇ ಕೇಳುತ್ತೇನೆ. ಅವರು ಮಡುವನ್ನು ಬಿಟ್ಟು ನೀರು ಹರಿಯುವ ಜಾಗವನ್ನು ತೋರಿಸುತ್ತಾರೆ.

ಇದು ಸರಿಯಾದ ವಿವೇಕ. ಹೊಳೆ ಸೊರಗಿದಾಗ ದೊಡ್ಡ ಮೀನುಗಳು ಆಳದ ಮಡುಗಳನ್ನು ಸೇರುತ್ತವೆ. ಬಿಸಿಲೇರಿದಂತೆ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಹೊಳೆಯನ್ನು ತುಂಬಬೇಕಾದವು ಈ ಮೀನುಗಳೇ. ಬಿತ್ತನೆಗಿಟ್ಟ ಬೀಜವನ್ನು ಯಾವ ರೈತನೂ ಬೇಯಿಸಿ ಉಣ್ಣುವುದಿಲ್ಲ.

ಶೃಂಗೇರಿ, ಚಿಪ್ಪಲಗುಡ್ಡೆ, ಶಿಶಿಲಗಳ ಮೀನುಗಳನ್ನು ಜನರ ಭಕ್ತಿ ಕಾಯುತ್ತ ಬಂದಿದೆ. ಆದರೂ 1996ರಲ್ಲಿ ಶಿಶಿಲದಲ್ಲಿ ನೀರಿಗೆ ಬೆರೆಸಿದ ವಿಷಕ್ಕೆ ಸಾವಿರಾರು ಮೀನುಗಳು ಬಲಿಯಾದವು. ದೇವಸ್ಥಾನವಿಲ್ಲದ ಮಡುಗಳಿಗಂತೂ ವಿಷ, ಸಿಡಿಮದ್ದುಗಳ ಭಯ ಇನ್ನೂ ಹೆಚ್ಚು. ಅವುಗಳಿಗೆ ನಾವೇ ಕಾವಲಾಗಬೇಕು.