ಸಂಜೆ ಐದೂವರೆಗೆ ಮೈದಾನದಲ್ಲಿ ಸಿಗೋಣ

ನಿಮಗೆ ಹದಿನಾಲ್ಕೋ ಹದಿನಾರೋ ಆಗಿದ್ದರೆ ಈ ಮಾತು ನಿಮಗೇ. ನಿಮ್ಮ ಮೈಯಲ್ಲಿ ಈಗ ಮನೆ ಕಟ್ಟುವ ಕೆಲಸ ನಡೆಯುತ್ತಿದೆ. ಬದುಕಿಡೀ ನಿಮ್ಮನ್ನು ಹೊರಬೇಕಾದ ಮೂಳೆಗಳ ಸಾಂದ್ರತೆಯಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು, ಹುಡುಗಿಯರಿಗೆ 18 ಮತ್ತು ಹುಡುಗರಿಗೆ 20 ತುಂಬುವ ಹೊತ್ತಿಗೆ ಕೂಡಿಬಿಟ್ಟಿರುತ್ತದೆ. ಆಮೇಲೆ ಉಳಿಯುವುದು ಸಣ್ಣಪುಟ್ಟ ಸೇರ್ಪಡೆ, ನಂತರ ಬರೀ ದುರಸ್ತಿ. ಎಪ್ಪತ್ತರಲ್ಲಿ ಬಚ್ಚಲಮನೆಯಲ್ಲಿ ಜಾರಿ ಬಿದ್ದಾಗ ಸೊಂಟ ಮುರಿಯುತ್ತದೋ ಉಳಿಯುತ್ತದೋ ಎಂಬುದರಲ್ಲಿ ಹದಿನೈದರಲ್ಲಿ ಓಡಿದ ಓಟದ ಪಾಲೂ ಇದೆ.

ಮೂಳೆ ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಜಿಗಿಯಬೇಕು, ಓಡಬೇಕು, ಅಂಗಾಲು ನೆಲಕ್ಕೆ ಬಡಿಯಬೇಕು. ರಾಗಿಮುದ್ದೆ, ಹಾಲು ಇಟ್ಟಿಗೆ ತಂದು ಹಾಕುತ್ತವೆ ನಿಜ. ಆದರೆ ಗೋಡೆ ಏಳಲಿ ಎಂದು ದೇಹಕ್ಕೆ ಹೇಳುವುದು ಆ ಬಡಿತ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17ರ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ದಣಿಸಬೇಕು ಎನ್ನುತ್ತದೆ. ಬರೀ ಒಂದು ಗಂಟೆ. 2019ರಲ್ಲಿ ಅದೇ ಸಂಸ್ಥೆಯ ಸಂಶೋಧಕರು 146 ದೇಶಗಳ ಲೆಕ್ಕವನ್ನು ಮುಂದಿಟ್ಟರು. 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81 ಮಂದಿಗೆ ಆ ಒಂದು ಗಂಟೆಯೂ ದಕ್ಕುತ್ತಿರಲಿಲ್ಲ.

ನಾನು ಫೋನನ್ನು ವಿಷ ಎನ್ನುವವನಲ್ಲ. ಅದರಲ್ಲಿ ನಿಮ್ಮ ಪಾಠವಿದೆ, ಹಾಡಿದೆ, ಬೇರೆ ಊರಿಗೆ ಹೋದ ಗೆಳತಿಯ ದನಿಯಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದನ್ನು ನಿಮ್ಮ ಕೈಗೆ ಕೊಟ್ಟವರೂ ನಾವೇ. ನನ್ನ ತಕರಾರು ಇರುವುದು ಗಂಟೆಗಳ ಬಗ್ಗೆ. ಶಾಲೆ, ಟ್ಯೂಷನ್, ಬಸ್ಸಿನ ಓಡಾಟ ಕಳೆದರೆ ನಿಮ್ಮದು ಅಂತ ಉಳಿಯುವುದು ನಾಲ್ಕೈದು ಗಂಟೆ. ಅದರಲ್ಲಿ ಮೂರನ್ನು ಪರದೆ ನುಂಗಿದರೆ, ಅದು ನುಂಗಿದ್ದು ನಿಮ್ಮ ಆಟವನ್ನು, ಇಲ್ಲವೇ ನಿದ್ದೆಯನ್ನು. ಬೇರೆ ಎಲ್ಲಿಂದ ತಂದೀತು?

ನಿದ್ದೆಯ ವಿಷಯಕ್ಕೆ ಬರೋಣ. 2017ರಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್, ತಮ್ಮ ಪೈಪೋಟಿ ಇರುವುದು ಜನರ ನಿದ್ದೆಯ ಜೊತೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ಈ ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರಾತ್ರಿ ಹನ್ನೆರಡಕ್ಕೆ ‘ಇನ್ನೊಂದು ನೋಡಿ ಮಲಗುತ್ತೇನೆ’ ಎಂದುಕೊಳ್ಳುವಾಗ ನೀವು ಒಬ್ಬರೇ, ಆಚೆ ಬದಿಯಲ್ಲಿ ನಿಮ್ಮ ಕಣ್ಣನ್ನು ಹಿಡಿದಿಡಲು ಸಂಬಳ ಪಡೆದು ಕೂತ ನೂರಾರು ಜಾಣರಿದ್ದಾರೆ. ಎಷ್ಟು ಎಳೆದರೂ ಪುಟ ಮುಗಿಯದಂಥ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕಕ್ಕೆ ಕೊನೆಯ ಪುಟವಿದೆ. ಆಟಕ್ಕೆ ಕತ್ತಲಾಗುವ ಹೊತ್ತಿದೆ. ಇದಕ್ಕೆ ಮಾತ್ರ ಕೊನೆಯೇ ಇರದಂತೆ ನೋಡಿಕೊಂಡಿದ್ದಾರೆ. ಮಲಗಲಾಗದೆ ಹೋದದ್ದು ನಿಮ್ಮ ದೌರ್ಬಲ್ಯ ಎಂದು ನಾನು ಒಪ್ಪುವುದಿಲ್ಲ.

ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ಓಡುತ್ತದೆ. ಬೆಳಗ್ಗೆ ಏಳಲಾರದ ನಿಮ್ಮನ್ನು ಸೋಮಾರಿ ಎನ್ನುವ ಹಿರಿಯರಿಗೆ ಇದು ಗೊತ್ತಿರಬೇಕು. ಆ ತಡದ ಮೇಲೆ ಪರದೆಯ ಬೆಳಕೂ ಬಿದ್ದರೆ, ನಿದ್ದೆ ಕರೆಯುವ ಮೆಲಟೋನಿನ್ ಹಾರ್ಮೋನು ಇನ್ನಷ್ಟು ಹಿಂದೆ ಸರಿಯುತ್ತದೆ. 13ರಿಂದ 18ರವರಿಗೆ ಬೇಕಾದ ನಿದ್ದೆ ಎಂಟರಿಂದ ಹತ್ತು ಗಂಟೆ. ಮೈಯನ್ನು ಬೆಳೆಸುವ ಹಾರ್ಮೋನು ಹೆಚ್ಚಾಗಿ ಸುರಿಯುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಹಗಲೆಲ್ಲ ಆಡಿ ತಂದ ಇಟ್ಟಿಗೆಯನ್ನು ಮೇಸ್ತ್ರಿ ಜೋಡಿಸುವುದು ಆಗಲೇ. ಅವನಿಗೆ ಕೆಲಸ ಮಾಡಲು ಬಿಡಿ.

ಕತ್ತಿನ ಲೆಕ್ಕ ಇನ್ನೂ ಸುಲಭ. ನೆಟ್ಟಗೆ ಕೂತಾಗ ತಲೆಯ ಭಾರ ಸುಮಾರು ಐದು ಕೆಜಿ. ಫೋನಿನತ್ತ 60 ಡಿಗ್ರಿ ಬಾಗಿಸಿದರೆ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು 27 ಕೆಜಿ ಎಂದು ಅಮೆರಿಕದ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಅಂದಾಜಿಸಿದರು. ಅಂಗಡಿಯ 25 ಕೆಜಿ ಅಕ್ಕಿ ಮೂಟೆಗಿಂತ ಎರಡು ಕೆಜಿ ಹೆಚ್ಚು.

ಕಣ್ಣಿನ ವಿಷಯದಲ್ಲಿ ಮಾತ್ರ ನನಗೆ ತುಂಬ ಭರವಸೆ ಕೊಟ್ಟ ಪ್ರಯೋಗವೊಂದಿದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳು ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟವು. ಉಳಿದ ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷದ ನಂತರ ನೋಡಿದರೆ ಎಂದಿನಂತೆ ಇದ್ದವರಲ್ಲಿ ಶೇ 39.5 ಮಕ್ಕಳಿಗೆ ಸಮೀಪದೃಷ್ಟಿ ಶುರುವಾಗಿತ್ತು. ಬಯಲಿಗೆ ಹೋದವರಲ್ಲಿ ಅದು ಶೇ 30.4. ಔಷಧಿಯಿಲ್ಲ, ಖರ್ಚಿಲ್ಲ. ಹಗಲಿನ ಬೆಳಕು ಕಣ್ಣಿನ ಒಳಪರದೆಯಲ್ಲಿ ಡೋಪಮಿನ್ ಬಿಡುಗಡೆ ಮಾಡಿಸಿ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ತಡೆಯುತ್ತದೆ ಎಂಬುದು ತಜ್ಞರು ಕೊಡುವ ವಿವರಣೆ. ನಮ್ಮ ನಾಡಿನಲ್ಲಿ ವರ್ಷದ ಬಹುಪಾಲು ಬಿಸಿಲು ಬಿಟ್ಟಿಯಾಗಿ ಬೀಳುತ್ತದೆ, ನಾವು ಕಿಟಕಿಯ ಪರದೆ ಎಳೆದು ಕೂತಿದ್ದೇವೆ.

ಈಗ ಹುಡುಗಿಯರಿಗೆ ಒಂದು ಮಾತು. ದಿನಕ್ಕೊಂದು ಗಂಟೆಯೂ ದಕ್ಕದ ಆ ಶೇ 81ನ್ನು ಬಿಡಿಸಿ ನೋಡಿದರೆ ಹುಡುಗರು 78, ಹುಡುಗಿಯರು 85. ಇದರ ಹಿಂದೆ ಏನಿದೆ ಎಂದು ನಿಮಗೆ ಯಾರೂ ಹೇಳಬೇಕಿಲ್ಲ. ಹನ್ನೆರಡು ದಾಟುತ್ತಿದ್ದಂತೆ ‘ಇನ್ನು ಆಟ ಸಾಕು’ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಮೈದಾನದಲ್ಲಿ ಹುಡುಗರ ಕ್ರಿಕೆಟ್ಟು, ಮುಟ್ಟಿನ ದಿನಗಳಿಗೆ ಸರಿಯಾದ ಶೌಚಾಲಯವಿಲ್ಲ, ಕತ್ತಲಾಗುವ ಮೊದಲು ಮನೆ ಸೇರಬೇಕು. ಹೀಗೆ ಒಂದೊಂದೇ ಬಾಗಿಲು ಮುಚ್ಚಿದ ಮೇಲೆ ಅಂಗೈಯಗಲದ ಫೋನೇ ಅವಳ ಬಯಲಾದರೆ ತಪ್ಪು ಯಾರದು? ಆದರೂ ನಿಮ್ಮನ್ನೇ ಕರೆಯುತ್ತಿದ್ದೇನೆ, ಏಕೆಂದರೆ ಮೂಳೆಯ ಗಡುವು ನಿಮಗೇ ಮೊದಲು ಬರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಮೈದಾನದಿಂದ ಅಲ್ಲಿಗೆ ದಾರಿ ಇದೆ. ಕಪ್ಪು ಬರಲಿ, ಬಿಡಲಿ, ಮೈದಾನದಲ್ಲಿ ನಿಮ್ಮ ಪಾಲಿನ ಅರ್ಧವನ್ನು ಕೇಳಿ ಪಡೆಯಿರಿ. ಅಣ್ಣತಮ್ಮಂದಿರೇ, ಅವರು ಬಂದಾಗ ಜಾಗ ಬಿಡಿ, ಪಂದ್ಯಕ್ಕೂ ಸೇರಿಸಿಕೊಳ್ಳಿ.

ಒಬ್ಬರೇ ಹಟ ತೊಟ್ಟರೆ ಇದು ಕಷ್ಟ, ಜೊತೆಗೂಡಿದರೆ ಆಗುತ್ತದೆ. ನಮ್ಮ ಬೆಳಗಾವಿ, ವಿಜಯಪುರಕ್ಕೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ 2022ರಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಏಳಕ್ಕೆ ಗುಡಿಯಿಂದ ಸೈರನ್. ಮನೆಮನೆಯಲ್ಲೂ ಟಿವಿ, ಫೋನು ಬಂದ್. ಎಂಟೂವರೆಗೆ ಇನ್ನೊಂದು ಸೈರನ್. ಅಲ್ಲಿ ದೊಡ್ಡವರೂ ಫೋನು ಕೆಳಗಿಟ್ಟರು ಎಂಬುದೇ ನನಗೆ ಮುಖ್ಯ. ನಿಮ್ಮ ಮನೆಯಲ್ಲಿ ಸೈರನ್ ಬೇಡ. ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹೋಗಲಿ, ಅಪ್ಪನದೂ ಅಮ್ಮನದೂ ಸೇರಿ. ಈ ಷರತ್ತನ್ನು ಅವರ ಮುಂದೆ ಇಡುವ ಹಕ್ಕು ನಿಮಗಿದೆ. ಅಲಾರಾಂಗೆ ಹಳೆಯ ಟೈಂಪೀಸ್ ಸಾಕು.

ಬಿಡಬೇಕೆಂದರೂ ಬಿಡಲಾಗುತ್ತಿಲ್ಲ, ಊಟ ಬೇಡ, ಓದು ಬೇಡ, ಗೇಮ್ ಒಂದೇ ಬೇಕು ಎನ್ನುವ ಸ್ಥಿತಿ ಇದ್ದರೆ ಅದನ್ನು ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ಉಳಿದವರೆಲ್ಲ ಇವತ್ತೇ ಸಂಜೆ ಐದೂವರೆಗೆ ಹೊರಗೆ ಬನ್ನಿ. ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿ, ಫೋನಿಗೆ ಅಷ್ಟು ಕೆಲಸ ಕೊಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಶೂ ಇಲ್ಲದವರು ಬರಿಗಾಲಲ್ಲಿ ಬನ್ನಿ, ಆಡಲು ಬಾರದವರೂ ಬನ್ನಿ. ಲಗೋರಿಗೆ ಏಳು ಕಲ್ಲು, ಒಂದು ಚೆಂಡು ಸಾಕು.